ಸಿಂಗಾಪುರದ ಡೈರಿ – ಭಾಗ 12: ಚಾಂಗಿ ಜೈಲಿನ ಮೂರು ಕೌದಿಗಳು



ಹೋದ ಭಾಗದಲ್ಲಿ ಕೋವಿಡ್ ವರ್ಷದ ಬಗ್ಗೆ ಬರೆದು, ಕೊನೆಗೆ ನಾನು ಕ್ರೋಶಾದಲ್ಲಿ ಹೆಣೆದ ಚಾದರದ ಫೋಟೋ ಹಾಕಿದ್ದೆ. ಬರಹಕ್ಕಿಂತ ಚಾದರಕ್ಕೇ ಹೆಚ್ಚು ಕಾಮೆಂಟ್ ಬಂದವು! ಬೆಟಗೇರಿ ಕಾಕು ಫೋನ್ ಮಾಡಿ "ಅಷ್ಟು ಓದಿ, ಅಷ್ಟು ದೂರ ಹೋಗಿ, ಕಡೀಕ ನಮ್ಮ ಅಜ್ಜಿ ಕೆಲಸಾನ ಮಾಡಾಕತ್ತೀಯಲ್ಲವಾ" ಅಂತ ನಕ್ಕರು. ನರ್ಸಿಂಗ್ ಕ್ಲಾಸ್‌ಮೇಟ್ ಒಬ್ಬಳು ಮಾತ್ರ ಇನ್‌ಬಾಕ್ಸ್‌ಗೆ ಬಂದು ನಗದೆ ಕೇಳಿದಳು: "ಖರೇ ಹೇಳು, ಸೂಜಿ ದಾರ ಹಿಡದ್ರ ಸಮಾಧಾನ ಆಗ್ತದೇನು? ನನಗ ನೈಟ್ ಡ್ಯೂಟಿ ಮುಗಿಸಿ ಬಂದ್ರೂ ನಿದ್ದಿ ಹತ್ತವಲ್ದು."

ಅವಳಿಗೆ "ಹೌದು" ಅಂತ ಒಂದು ಪದ ಬರೆದು ಕಳಿಸಬಹುದಿತ್ತು. ಆದರೆ ನಾನಿರುವ ಇದೇ ಊರಲ್ಲಿ, ಎಂಬತ್ತು ವರ್ಷಗಳ ಹಿಂದೆ, ನಮಗಿಂತ ಎಷ್ಟೋ ದೊಡ್ಡ ಕಷ್ಟದಲ್ಲಿದ್ದ ಹೆಂಗಸರು ಸೂಜಿ ಹಿಡಿದು ಕೂತಿದ್ದರು. ಅವರು ಹೊಲಿದದ್ದು ಇನ್ನೂ ಉಳಿದಿದೆ. ಅವಳ ಪ್ರಶ್ನೆಗೆ ನನಗಿಂತ ಅವರು ಚೆನ್ನಾಗಿ ಉತ್ತರ ಹೇಳುತ್ತಾರೆ. ಹಾಗಾಗಿ ಈ ಭಾಗ ಪೂರ್ತಿ ಅವರದ್ದು. ಉದ್ದ ಇದೆ, ಚಹಾ ಮಾಡಿಕೊಂಡು ಕೂತು ಓದಿ.

ಚಾಂಗಿ ಅಂದ್ರೆ ನಿಮಗೆಲ್ಲ ವಿಮಾನ ನಿಲ್ದಾಣ. ಇಲ್ಲಿಗೆ ಬಂದವರೆಲ್ಲ ಅಲ್ಲಿನ ಒಳಾಂಗಣ ಜಲಪಾತದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಇಲ್ಲಿನ ಹಳೇ ತಲೆಮಾರಿನವರಿಗೆ ಮಾತ್ರ ಚಾಂಗಿ ಅಂದ್ರೆ ಮೊದಲು ನೆನಪಾಗುವುದು ಜೈಲು. ಬ್ರಿಟಿಷರು ಅದನ್ನು 1936ರಲ್ಲಿ ಸುಮಾರು 600 ಕೈದಿಗಳಿಗೆ ಅಂತ ಕಟ್ಟಿಸಿದ್ದು. ಹಳೇ ಕಟ್ಟಡವನ್ನು 2004ರಲ್ಲಿ ಕೆಡವಿದರು. ಹೆಬ್ಬಾಗಿಲು, ಗೋಡೆಯ ಒಂದು ಭಾಗ, ಎರಡು ಕಾವಲು ಗೋಪುರ ಇಷ್ಟನ್ನು ಉಳಿಸಿ, 2016ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಯುದ್ಧಕೈದಿಗಳ ನೆನಪಿನ ಚಾಪೆಲ್ ಮತ್ತು ಮ್ಯೂಸಿಯಂ ಇದೆ.

1941ರ ಡಿಸೆಂಬರ್‌ನಲ್ಲಿ ಜಪಾನೀ ಸೈನ್ಯ ಮಲಯಾದ ಉತ್ತರ ಕರಾವಳಿಯಲ್ಲಿ ಇಳಿಯಿತು. ಸಿಂಗಾಪುರ ಎಂದೂ ಬೀಳದ ಕೋಟೆ ಅಂತ ಬ್ರಿಟಿಷರು ಹೇಳಿಕೊಳ್ಳುತ್ತಿದ್ದರು. ಎರಡೂವರೆ ತಿಂಗಳೂ ತಡೆಯಲಿಲ್ಲ. 1942ರ ಫೆಬ್ರವರಿ 15ರಂದು, ಚೀನೀ ಹೊಸ ವರ್ಷದ ಮೊದಲ ದಿನವೇ, ಅವರು ಶರಣಾದರು. 80 ಸಾವಿರಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಅದರಲ್ಲಿ ಅರ್ಧದಷ್ಟು ಜನ ನಮ್ಮವರೇ, ಬ್ರಿಟಿಷ್ ಇಂಡಿಯನ್ ಆರ್ಮಿಯ ಭಾರತೀಯ ಸಿಪಾಯಿಗಳು. ಅವರನ್ನು ಫೆಬ್ರವರಿ 17ರಂದು ಫಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿ ಜಪಾನೀಯರಿಗೆ ಒಪ್ಪಿಸಿದರು. ನಾವು ತಿಂಗಳಿಗೊಮ್ಮೆ ಸಾಮಾನು ತರಲು ಹೋಗುವ ಮುಸ್ತಫಾ ಅಂಗಡಿ ಇದೆಯಲ್ಲ, ಅದರ ಪಕ್ಕದ ಜಾಗ ಅದು. ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಸೈನಿಕರನ್ನು ದ್ವೀಪದ ಪೂರ್ವ ತುದಿಗೆ, ಚಾಂಗಿ ಸುತ್ತಲಿನ ಬ್ಯಾರಕ್‌ಗಳಿಗೆ ನಡೆಸಿಕೊಂಡು ಹೋದರು.

ಉಳಿದವರು ಸೈನಿಕರಲ್ಲದ ಯುರೋಪಿಯನ್ನರು. ಅಧಿಕಾರಿಗಳು, ತೋಟದ ಮ್ಯಾನೇಜರ್‌ಗಳು, ಟೀಚರ್‌ಗಳು, ಡಾಕ್ಟರ್‌ಗಳು, ಪಾದ್ರಿಗಳು, ಅವರ ಹೆಂಡತಿ ಮಕ್ಕಳು. ಕೆಲವರ ಹೆಂಡತಿಯರು ಏಷ್ಯಾದವರೇ. ಇವರನ್ನೆಲ್ಲ ಚಾಂಗಿ ಜೈಲಿಗೆ ಹಾಕಿದರು. ಮಾರ್ಚ್ 8ರಂದು ಹೆಂಗಸರನ್ನು ಕಾಟಾಂಗ್ ಕಡೆಯಿಂದ ಬಿಸಿಲಲ್ಲಿ ಹತ್ತು ಕಿಲೋಮೀಟರ್‌ಗೂ ಹೆಚ್ಚು ನಡೆಸಿ ತಂದರು. ಗಂಡಸರು ಸುಮಾರು 2400, ಹೆಂಗಸರು ಮಕ್ಕಳು ಸೇರಿ ಸುಮಾರು 400. ಆರುನೂರು ಜನರ ಜೈಲಲ್ಲಿ ಇಷ್ಟು ಜನ ಇದ್ದರು ಅಂದ್ರೆ ಕಕ್ಕಸು, ನೀರು, ನೆಲ ಎಲ್ಲದರ ಸ್ಥಿತಿ ಏನಿರಬಹುದು, ನೀವೇ ಲೆಕ್ಕ ಹಾಕಿ.

ಗಂಡಸರ ಭಾಗ ಬೇರೆ, ಹೆಂಗಸರ ಭಾಗ ಬೇರೆ. ನಡುವೆ ಗೋಡೆ. ಮಾತಿಲ್ಲ, ಪತ್ರ ಇಲ್ಲ. ಕೆಲವರ ಗಂಡಂದಿರು ಅದೇ ಗೋಡೆಯ ಆಚೆ ಇದ್ದರು. ಇನ್ನು ಕೆಲವರ ಗಂಡಂದಿರು ಸೈನ್ಯದವರು, ಬ್ಯಾರಕ್‌ನ ಸೆರೆಯಲ್ಲಿ ಇದ್ದಾರೋ, ಆಸ್ಪತ್ರೆಯಲ್ಲಿ ಇದ್ದಾರೋ, ಸತ್ತೇ ಹೋಗಿದ್ದಾರೋ ಯಾರಿಗೂ ತಿಳಿಯದು. ಆ ಕಡೆ ಅವರಿಗೂ ಅಷ್ಟೇ. ಹೆಂಡತಿ ಕೊನೆಯ ಹಡಗು ಹತ್ತಿದಳೋ, ಆ ಹಡಗು ಮುಳುಗಿತೋ ಗೊತ್ತಿಲ್ಲ.

ನರ್ಸ್ ಆಗಿ ಒಂದು ಮಾತು ಹೇಳ್ತೀನಿ. ಕೆಟ್ಟ ಸುದ್ದಿಯನ್ನು ಜನ ಹೇಗೋ ತಡೆದುಕೊಳ್ಳುತ್ತಾರೆ. ಅಳುತ್ತಾರೆ, ಕೂಗುತ್ತಾರೆ, ಆಮೇಲೆ ಯಾರಿಗೆ ಫೋನ್ ಮಾಡಬೇಕು ಅಂತ ಯೋಚಿಸುತ್ತಾರೆ. ಸುದ್ದಿಯೇ ಇಲ್ಲದಿದ್ದರೆ ತಡೆಯಲಾಗುವುದಿಲ್ಲ. 2020ರಲ್ಲಿ ವಾರ್ಡ್ ಹೊರಗೆ ಬರಲು ಯಾರಿಗೂ ಅನುಮತಿ ಇಲ್ಲದಾಗ, ಫೋನ್ ಮಾಡಿದ ಮನೆಯವರು ಮೊದಲು ಕೇಳುತ್ತಿದ್ದದ್ದು ಆಕ್ಸಿಜನ್ ಎಷ್ಟಿದೆ ಅಂತ ಅಲ್ಲ. "ನೀವು ಈಗ ಅವರನ್ನ ನೋಡಿದ್ರಾ? ನಿಮ್ಮ ಕಣ್ಣಾರೆ ನೋಡಿದ್ರಾ?" ಅಂತ. ಚಾಂಗಿಯ ಹೆಂಗಸರ ಕಷ್ಟ ಅರ್ಥವಾಗಲು ನನಗೆ ಆ ಪ್ರಶ್ನೆ ಸಾಕು.

ಆ ಹೆಂಗಸರ ನಡುವೆ ಈಥೆಲ್ ಮಲ್ವನಿ ಅಂತ ಒಬ್ಬರಿದ್ದರು. ಕೆನಡಾದ ಮ್ಯಾನಿಟೂಲಿನ್ ದ್ವೀಪದ ಹೆಣ್ಣುಮಗಳು. ಗಂಡ ಬ್ರಿಟಿಷ್ ಸೈನ್ಯದ ಡಾಕ್ಟರ್. ಮೊದಲು ಭಾರತದಲ್ಲಿದ್ದು, ಆಮೇಲೆ ಸಿಂಗಾಪುರಕ್ಕೆ ಬಂದವರು. ಶಿಬಿರದಲ್ಲಿ ರೆಡ್ ಕ್ರಾಸ್ ಪ್ರತಿನಿಧಿಯ ಕೆಲಸ ಅವರ ಮೇಲೆ ಬಿತ್ತು. ಸುಮ್ಮನೆ ಕೂರುವ ಜಾತಿಯವರಲ್ಲ. ಅವರು ಒಂದು ಯೋಚನೆ ಮಾಡಿದರು: ಕೌದಿ ಹೊಲಿಯೋಣ, ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಕೊಡೋಣ.

ಕ್ರಮ ಹೀಗಿತ್ತು. ಪ್ರತಿ ಹೆಂಗಸಿಗೂ ಆರು ಇಂಚಿನ ಒಂದು ಚೌಕ ಬಿಳಿ ಬಟ್ಟೆ. ಅದರ ಮೇಲೆ ತನ್ನದು ಅನ್ನುವಂಥ ಏನನ್ನಾದರೂ ಕಸೂತಿ ಹಾಕಬೇಕು, ಹೆಸರನ್ನೂ ಹೊಲಿಯಬೇಕು. ಇಷ್ಟೇ ನಿಯಮ. ಬಟ್ಟೆ ಎಲ್ಲಿಂದ ಬಂತು ಅಂದ್ರೆ ಹಿಟ್ಟಿನ ಚೀಲ, ಹಳೇ ಹಾಸಿಗೆ ಚಾದರ. ದಾರ ತಾವೇ ಉಟ್ಟುಕೊಂಡು ಬಂದ ಬಟ್ಟೆಯಿಂದ ಬಿಚ್ಚಿದ್ದು. ಸೂಜಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಿತ್ತು. ಅಂಥ ಜಾಗದಲ್ಲಿ ಸೂಜಿ ಕಳೆದರೆ ಬಂಗಾರ ಕಳೆದಂತೆ.

ಒಂದೊಂದು ಕೌದಿಗೆ 66 ಚೌಕ. ಅಡ್ಡ ಆರು, ಉದ್ದ ಹನ್ನೊಂದು. ಸೆರೆಯಾದ ಮೊದಲ ಆರು ತಿಂಗಳೊಳಗೇ, 1942ರ ಮಾರ್ಚ್‌ನಿಂದ ಆಗಸ್ಟ್ ನಡುವೆ, ಮೂರು ಕೌದಿ ತಯಾರಾದವು. ಒಂದು ಬ್ರಿಟಿಷ್ ಗಾಯಾಳುಗಳಿಗೆ, ಒಂದು ಆಸ್ಟ್ರೇಲಿಯನ್ ಗಾಯಾಳುಗಳಿಗೆ. ಮೂರನೆಯದು ಯಾರಿಗೆ ಗೊತ್ತಾ? ಜಪಾನೀ ಗಾಯಾಳುಗಳಿಗೆ.

ಇದನ್ನು ಓದಿ ನಿಮಗೆ ಅನಿಸಿದ್ದೇ ನನಗೂ ಅನಿಸಿತ್ತು. ಜೈಲಿಗೆ ಹಾಕಿದವರಿಗೇ ಯಾಕೆ ಕೌದಿ? ಈಥೆಲ್ ಅವರ ಜಾಣತನ ಇರುವುದು ಇಲ್ಲೇ. ನಿಮ್ಮ ಸೈನಿಕರಿಗೂ ಕೊಡುತ್ತೇವೆ ಅಂದಮೇಲೆ ಕಮಾಂಡರ್ ಬೇಡ ಅನ್ನುವುದು ಕಷ್ಟ. ಜಪಾನೀ ಕೌದಿಯಲ್ಲಿ ಹೂಗಳೇ ಹೆಚ್ಚು, ಸ್ವಂತ ಸಂದೇಶದ ಮಾತು ಕಡಿಮೆ. ಆ ಹೂಗಳ ನೆರಳಲ್ಲಿ ಉಳಿದೆರಡು ಕೌದಿಗಳು ಜೈಲಿನಿಂದ ಹೊರಬಿದ್ದು, ಸೈನಿಕರ ಸೆರೆಯಲ್ಲಿದ್ದ ಆಸ್ಪತ್ರೆಯನ್ನು ತಲುಪಿದವು. ಜೊತೆಗೆ, ಗಾಯಾಳು ಯಾವ ದೇಶದವನಾದರೂ ಗಾಯಾಳುವೇ ಅನ್ನುವುದು ರೆಡ್ ಕ್ರಾಸ್‌ನ ಮೂಲ ನಿಯಮ, ನಮ್ಮ ವೃತ್ತಿಯದ್ದೂ ಅದೇ. ಆ ಮೂರನೇ ಕೌದಿಯಲ್ಲಿ ಉಪಾಯ ಎಷ್ಟು, ಕರುಣೆ ಎಷ್ಟು ಅಂತ ಬಿಡಿಸಿ ನೋಡಲು ನನಗೆ ಮನಸ್ಸಿಲ್ಲ. ಎರಡೂ ಒಂದೇ ದಾರದಲ್ಲಿ ಹೊಲಿದದ್ದು.

ಕೌದಿಗಳ ಹಿಂಬದಿಯಲ್ಲಿ ಅರ್ಪಣೆಯ ಬರಹ ಇದೆ. ಯಾರಿಗೆ ಕೊಟ್ಟದ್ದು, ಯುದ್ಧ ಮುಗಿದ ಮೇಲೆ ಯಾವ ರೆಡ್ ಕ್ರಾಸ್ ಸಂಸ್ಥೆಗೆ ಸೇರಬೇಕು ಅಂತ. ಕೊನೆಯಲ್ಲಿ ಒಂದು ಸೂಚನೆ: ಇದನ್ನು ಡ್ರೈ ಕ್ಲೀನ್ ಮಾಡಿಸುವುದು ಒಳ್ಳೆಯದು! ಹಿಟ್ಟಿನ ಚೀಲದಲ್ಲಿ ಹೊಲಿದದ್ದು, ಜೈಲಿನಲ್ಲಿ ಕೂತು ಹೊಲಿದದ್ದು, ನಾಳೆ ಊಟ ಇದೆಯೋ ಇಲ್ಲವೋ ತಿಳಿಯದು, ಆದರೂ ಯುದ್ಧ ಮುಗಿಯುತ್ತದೆ, ಡ್ರೈ ಕ್ಲೀನಿಂಗ್ ಅಂಗಡಿಗಳು ಮತ್ತೆ ತೆರೆಯುತ್ತವೆ ಅನ್ನುವ ನಂಬಿಕೆ ನೋಡಿ. ಈ ಸಾಲು ಓದಿ ಮೊದಲು ನಕ್ಕೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಚೌಕಗಳಲ್ಲಿ ಏನಿದೆ? ಹೂಗಳಿವೆ. ಸ್ಕಾಟ್ಲೆಂಡಿನವರ ಥಿಸಲ್ ಹೂ ಇದೆ. ದೂರದ ಊರಿನ ನೆನಪುಗಳಿವೆ, ಸೆರೆಮನೆಯ ಚಿತ್ರವೂ ಇದೆ. ಆಸ್ಟ್ರೇಲಿಯನ್ ಕೌದಿಯಲ್ಲಿ ಶೀಲಾ ಅಲನ್ ಅನ್ನುವ 17 ವರ್ಷದ ಹುಡುಗಿ ಆಸ್ಟ್ರೇಲಿಯಾದ ನಕ್ಷೆ ಹೊಲಿದು, ಅದರೊಳಗೆ ಒಂದು ಕಾಂಗರೂ ಕೂರಿಸಿದ್ದಾಳೆ. ಅಪ್ಪ ಆಸ್ಟ್ರೇಲಿಯಾದವರು, ಅವಳು ಹುಟ್ಟಿ ಬೆಳೆದದ್ದು ಮಲಯಾದಲ್ಲಿ. ಆ ದೇಶವನ್ನು ಕಣ್ಣಿಂದ ನೋಡದೆಯೇ ನಕ್ಷೆ ಹೊಲಿದಳು. ಸೆರೆಯಲ್ಲಿ ಕದ್ದು ಡೈರಿಯೂ ಬರೆದಳು. ಅದು 1994ರಲ್ಲಿ ಪುಸ್ತಕವಾಗಿ ಬಂತು. ಅವಳ ಅಪ್ಪ ಮಾತ್ರ ಬಿಡುಗಡೆಗೆ ಕೆಲವೇ ತಿಂಗಳ ಮೊದಲು ಶಿಬಿರದಲ್ಲೇ ತೀರಿಕೊಂಡರು.

ಈ ಎಲ್ಲ ಚಿತ್ರಗಳಿಗಿಂತ ದೊಡ್ಡ ವಿಷಯ ಹೆಸರುಗಳು. ಆಸ್ಪತ್ರೆಯಲ್ಲಿ ಮಲಗಿದ್ದ ಗಂಡಸರು ಆ ಕೌದಿ ನೋಡಿದಾಗ ಮೊದಲು ಕಣ್ಣು ಓಡಿಸಿದ್ದು ಚಿತ್ರದ ಮೇಲೆ ಅಲ್ಲ, ಹೆಸರುಗಳ ಮೇಲೆ. ಇವಳು ಇದ್ದಾಳೆ. ಇವಳೂ ಇದ್ದಾಳೆ. ಸೂಜಿ ಹಿಡಿಯುವಷ್ಟು ಕೈಯಲ್ಲಿ ಶಕ್ತಿ ಇದೆ. ಪತ್ರ ಬರೆದಿದ್ದರೆ ಕಾವಲುಗಾರರು ಹರಿದು ಹಾಕುತ್ತಿದ್ದರು. ಕೌದಿಯನ್ನು ಅವರೇ ಹೊತ್ತುಕೊಂಡು ಹೋಗಿ ಕೊಟ್ಟರು.

ಇದೇ ಜೈಲಿನಲ್ಲಿ ಇನ್ನೊಂದು ಕೌದಿಯೂ ಹುಟ್ಟಿತು. ಅದು ದೊಡ್ಡವರದಲ್ಲ, ಹುಡುಗಿಯರದ್ದು. ಎಲಿಜಬೆತ್ ಎನ್ನಿಸ್ ಅನ್ನುವ ನರ್ಸ್ ಭಾರತೀಯ ಸೈನ್ಯದ ಜೊತೆ ಇಲ್ಲಿಗೆ ಬಂದವರು. ಸಿಂಗಾಪುರ ಬೀಳುವ ಕೆಲವೇ ದಿನ ಮೊದಲು, ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಡಾಕ್ಟರ್ ಜಾಕ್ ಎನ್ನಿಸ್ ಅವರನ್ನು ಮದುವೆಯಾಗಿದ್ದರು. ಮದುವೆ ಆಗಿ ವಾರ ಕಳೆಯುವಷ್ಟರಲ್ಲಿ ಗಂಡ ಸೈನಿಕರ ಸೆರೆಗೆ, ಹೆಂಡತಿ ಹೆಂಗಸರ ಜೈಲಿಗೆ. ಒಳಗೆ ಬಂದು ನೋಡಿದರೆ ಮಕ್ಕಳಿಗೆ ಮಾಡಲು ಏನೂ ಇಲ್ಲ. ಎಲಿಜಬೆತ್ ಅವರು ಹುಡುಗಿಯರನ್ನು ಸೇರಿಸಿ ವಾರಕ್ಕೊಮ್ಮೆ ಗರ್ಲ್ ಗೈಡ್ಸ್ ನಡೆಸಿದರು. ನಮ್ಮ ಶಾಲೆಯಲ್ಲೂ ಇತ್ತಲ್ಲ, ನೀಲಿ ಸ್ಕಾರ್ಫ್ ಕಟ್ಟಿಕೊಂಡು ನಿಲ್ಲುತ್ತಿದ್ದೆವು, ಅದೇ.

ಆ ಹುಡುಗಿಯರು ತಮ್ಮ ಮೇಡಂ ಹುಟ್ಟುಹಬ್ಬಕ್ಕೆ ಅಂತ ಗುಟ್ಟಾಗಿ ಕೌದಿ ಹೊಲಿದರು. ಹರಿದ ಫ್ರಾಕ್, ಅಂಗಿಗಳ ಚೂರುಗಳನ್ನು ಷಟ್ಕೋನಾಕಾರವಾಗಿ ಕತ್ತರಿಸಿ, ಹೂವಿನಂತೆ ಜೋಡಿಸಿ, ತಮ್ಮ ತಮ್ಮ ಹೆಸರು ಹೊಲಿದರು. ಹಸಿದ ಹೊಟ್ಟೆಯ ಮಕ್ಕಳು ಇನ್ನೊಬ್ಬರ ಹುಟ್ಟುಹಬ್ಬಕ್ಕೆ ಉಡುಗೊರೆ ಮಾಡುತ್ತಾ ಕೂತಿದ್ದರು. ಇದನ್ನು ನೋಡಿಯೇ ಈಥೆಲ್ ಅವರಿಗೆ ದೊಡ್ಡ ಕೌದಿಗಳ ಯೋಚನೆ ಬಂತು ಅಂತ ಹೇಳುತ್ತಾರೆ. ಎಲಿಜಬೆತ್ ಅವರು ಆ ಕೌದಿಯನ್ನು ಬಿಡುಗಡೆಯವರೆಗೂ, ಆಮೇಲೂ ಜೋಪಾನ ಮಾಡಿದರು. ಈಗ ಅದು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ.

ಇದೆಲ್ಲ ಹೆಂಗಸರ ಕೆಲಸ ಅಂತ ಅಂದುಕೊಂಡರೆ, ಅದೇ ಸಮಯದಲ್ಲಿ ಯುರೋಪಿನ ಸೆರೆಯಲ್ಲಿದ್ದ ಒಬ್ಬ ಗಂಡಸಿನ ವಿಷಯವನ್ನೂ ಹೇಳಬೇಕು. ಮೇಜರ್ ಅಲೆಕ್ಸಿಸ್ ಕಾಸ್ಡಾಗ್ಲಿ ಬ್ರಿಟಿಷ್ ಸೈನ್ಯದವರು. 1941ರಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದರು. ಜೊತೆಯ ಕೈದಿಯೊಬ್ಬರು ಕೊಟ್ಟ ಕ್ಯಾನ್ವಾಸ್ ತುಂಡು, ಇನ್ನೊಬ್ಬ ಮುದುಕ ಸೇನಾಧಿಕಾರಿಯ ಹರಿದ ಸ್ವೆಟರ್‌ನಿಂದ ಬಿಚ್ಚಿದ ಉಲ್ಲನ್, ಇವೆರಡರಿಂದ ಆ ಡಿಸೆಂಬರ್‌ನಲ್ಲಿ ಕ್ರಾಸ್ ಸ್ಟಿಚ್ ಹಾಕಿದರು. ನೋಡಲು ತುಂಬಾ ಸಭ್ಯವಾದ ಕಸೂತಿ. ಜರ್ಮನ್ನರು ಮೆಚ್ಚಿ ನಾಲ್ಕು ಶಿಬಿರಗಳಲ್ಲಿ ಪ್ರದರ್ಶನಕ್ಕೂ ಇಟ್ಟರು! ಅಂಚಿನ ಚುಕ್ಕಿ-ಗೆರೆಗಳು ಮೋರ್ಸ್ ಕೋಡ್ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಒಂದು ಅಂಚಿನಲ್ಲಿ ದೇವರು ರಾಜನನ್ನು ಕಾಪಾಡಲಿ ಅಂತ ಇತ್ತು. ಇನ್ನೊಂದರಲ್ಲಿ ಹಿಟ್ಲರನಿಗೆ ಒಂದು ಬೈಗುಳ. ಏನು ಬೈಗುಳ ಅಂತ ಇಲ್ಲಿ ಬರೆಯಲ್ಲ, ಈ ಪೋಸ್ಟನ್ನು ಅಜ್ಜನೂ ಓದುತ್ತಾರೆ.

ಕಾಸ್ಡಾಗ್ಲಿ ಅವರು ಮುಂದೆ ಮಗನ ಹತ್ತಿರ ಹೇಳುತ್ತಿದ್ದರಂತೆ: ರೆಡ್ ಕ್ರಾಸ್‌ನವರು ಕಳಿಸಿದ ಪಾರ್ಸಲ್‌ಗಳಿಂದ ತನ್ನ ಜೀವ ಉಳಿಯಿತು, ಕಸೂತಿಯಿಂದ ಬುದ್ಧಿ ಉಳಿಯಿತು ಅಂತ. ಅವರು ಜೊತೆಯ ಅಧಿಕಾರಿಗಳಿಗೂ ಹೊಲಿಗೆ ಕಲಿಸಿದರು.

ಡಾಕ್ಟರ್‌ಗಳು ನರ್ಸ್‌ಗಳಿಗೆ ಈ ಮಾತು ಅದಕ್ಕೂ ಮೊದಲೇ ಗೊತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಕೈ ಕಾಲು ಕಳೆದುಕೊಂಡವರು, ಬಾಂಬಿನ ಸದ್ದಿಗೆ ಮನಸ್ಸು ಒಡೆದವರು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ತುಂಬಿದ್ದಾಗ ಅವರ ಕೈಗೆ ಕಸೂತಿ ಕೊಟ್ಟರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪೂಜಾಪೀಠದ ಹೊದಿಕೆಯನ್ನು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾಗಳ 138 ಗಾಯಾಳು ಸೈನಿಕರು ಸೇರಿ ಹೊಲಿದರು. 1919ರಲ್ಲಿ ಯುದ್ಧ ಮುಗಿದದ್ದಕ್ಕೆ ನಡೆದ ಕೃತಜ್ಞತೆಯ ಪ್ರಾರ್ಥನೆಯಲ್ಲಿ ಅದನ್ನು ಹಾಸಿದರು. ಅರ್ನೆಸ್ಟ್ ಥೆಸಿಜರ್ ಅನ್ನುವ ನಟ, ಯುದ್ಧದಲ್ಲಿ ತಾನೇ ಕೈಗೆ ಗಾಯ ಮಾಡಿಕೊಂಡವರು, ಅಂಗವಿಕಲ ಸೈನಿಕರು ಕಸೂತಿ ಮಾಡಿ ಸಂಪಾದಿಸಲು ಒಂದು ಸಂಸ್ಥೆಯನ್ನೇ ಹುಟ್ಟುಹಾಕಿದರು. ಈಗ ನಮ್ಮ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿ ಅಂತ ಒಂದು ವಿಭಾಗ ಇರುತ್ತದಲ್ಲ, ಅದರ ಬೇರುಗಳಲ್ಲಿ ಒಂದು ಇದೇ.

ಈಗ ನನ್ನ ಕ್ಲಾಸ್‌ಮೇಟ್ ಪ್ರಶ್ನೆ. ಸೂಜಿ ದಾರ ಏನು ಮಾಡುತ್ತದೆ?

ನಾನು ಕಂಡದ್ದನ್ನು ಹೇಳ್ತೀನಿ. 2020ರ ಏಪ್ರಿಲ್ 7ರಿಂದ ಜೂನ್ 1ರವರೆಗೆ ಇಲ್ಲಿ ಲಾಕ್‌ಡೌನ್. ಡ್ಯೂಟಿ, ರೂಮು, ಮತ್ತೆ ಡ್ಯೂಟಿ. ಊರಿಗೆ ಬರುವ ಹಾಗಿಲ್ಲ. ರೂಮಿಗೆ ಬಂದು ಮಲಗಿದರೆ ಮಾನಿಟರ್ ಸದ್ದು ಕಿವಿಯಲ್ಲೇ ಇರುತ್ತಿತ್ತು. ಮೊಬೈಲ್ ಹಿಡಿದರೆ ಸಾವಿನ ಲೆಕ್ಕ. ಕ್ರೋಶಾ ಹಿಡಿದಾಗ ಬೇರೆ ಲೆಕ್ಕ ಶುರುವಾಗುತ್ತಿತ್ತು: ಮೂರು ಕುಣಿಕೆ, ಒಂದು ಬಿಡು, ಮತ್ತೆ ಮೂರು. ಎಣಿಸುವಾಗ ಬೇರೆಯದನ್ನು ಎಣಿಸಲು ಆಗುವುದಿಲ್ಲ. ಕೈ ಒಂದೇ ಲಯದಲ್ಲಿ ಹೋಗುತ್ತಿದ್ದಂತೆ ಉಸಿರು ಅದರ ಹಿಂದೆ ಬರುತ್ತದೆ. ನಾವು ಗಾಬರಿಯಾದ ರೋಗಿಗೆ "ನಿಧಾನ ಉಸಿರು ತಗೊಳ್ಳಿ, ನನ್ನ ಜೊತೆ ಎಣಿಸಿ" ಅಂತ ಹೇಳುತ್ತೇವಲ್ಲ, ಅದನ್ನೇ ದಾರ ನಮಗೆ ಹೇಳುತ್ತದೆ. ಇನ್ನೊಂದು, ವಾರ್ಡ್‌ನಲ್ಲಿ ಎಷ್ಟು ಮಾಡಿದರೂ ಕೆಲವು ಸಲ ಏನೂ ಉಳಿಯುವುದಿಲ್ಲ. ದಾರದ ಕೆಲಸ ಮಾಡಿದಷ್ಟು ಉಳಿಯುತ್ತದೆ. ಬೆಳಗ್ಗೆ ಎದ್ದು ನೋಡಿದರೆ ನಿನ್ನೆಯ ಎರಡು ಸಾಲು ಹಾಗೇ ಇರುತ್ತದೆ.

ಆದರೆ ಚಾಂಗಿಯ ಕಥೆ ಓದಿದ ಮೇಲೆ ನನಗೆ ಅನಿಸಿದ್ದು, ಇದು ಅರ್ಧ ಉತ್ತರ ಮಾತ್ರ. ಆ ಹೆಂಗಸರಿಗೆ ಕೈಗೆ ಕೆಲಸ ಬೇಕಿತ್ತು ಅಷ್ಟೇ ಆಗಿದ್ದರೆ ಚೀಲ ಹೊಲಿದರೂ ಸಾಕಿತ್ತು. ಅವರಿಗೆ ಸಮಾಧಾನ ಕೊಟ್ಟದ್ದು ಮೂರು ವಿಷಯ. ಒಂದು, ಅದು ಜೊತೆಗೆ ಕೂತು ಮಾಡುವ ಕೆಲಸ. ಎರಡು, ಅದು ತಲುಪಬೇಕಾದ ಒಬ್ಬರು ಆಚೆ ಇದ್ದರು. ಮೂರು, ಅದರ ಮೇಲೆ ತಮ್ಮ ಹೆಸರು ಇತ್ತು. ಸೆರೆಯಲ್ಲಿ ಮನುಷ್ಯರನ್ನು ತಲೆ ಲೆಕ್ಕದಲ್ಲಿ ಎಣಿಸುತ್ತಾರೆ. ಆರು ಇಂಚಿನ ಬಟ್ಟೆ ಮಾತ್ರ "ನಾನು ಇಂಥವಳು, ಇನ್ನೂ ಇದ್ದೇನೆ" ಅಂತ ಹೇಳಲು ಸಿಕ್ಕ ಜಾಗ. ಹಾಂಗ್‌ಕಾಂಗ್‌ನ ಸ್ಟ್ಯಾನ್ಲಿ ಶಿಬಿರದಲ್ಲೂ ಡೇ ಜಾಯ್ಸ್ ಅನ್ನುವ ಸಹಾಯಕ ನರ್ಸ್ ಒಬ್ಬರು ಹಾಸಿಗೆ ಚಾದರವೊಂದರ ಮೇಲೆ ಸುಮಾರು 1100 ಹೆಸರು, ಗುರುತುಗಳನ್ನು ಕಾವಲುಗಾರರ ಕಣ್ಣು ತಪ್ಪಿಸಿ ಹೊಲಿದರು. ಬೇರೆ ಊರು, ಬೇರೆ ಜನ, ಹೊಳೆದದ್ದು ಅದೇ: ಹೆಸರು ಉಳಿಯಬೇಕು.

ಇಷ್ಟು ಹೇಳಿ, ಕೌದಿಯಿಂದ ಎಲ್ಲ ಸರಿಹೋಯಿತು ಅಂತ ಮುಗಿಸಿದರೆ ಅದು ಸುಳ್ಳು. ಕೌದಿಗಳು ಹೊರಗೆ ಹೋದ ಮೇಲೆ ಇನ್ನೂ ಮೂರು ವರ್ಷ ಸೆರೆ ಇತ್ತು. 1943ರ ಅಕ್ಟೋಬರ್ 10ರಂದು ಜಪಾನೀ ಮಿಲಿಟರಿ ಪೊಲೀಸರು ಜೈಲಿಗೆ ನುಗ್ಗಿದರು. ಬಂದರಿನಲ್ಲಿ ಹಡಗುಗಳು ಸ್ಫೋಟವಾಗಿದ್ದವು, ಒಳಗಿನವರೇ ಸುದ್ದಿ ಕೊಟ್ಟಿದ್ದಾರೆ ಅನ್ನುವ ಅನುಮಾನ. 57 ಜನರನ್ನು ಎಳೆದೊಯ್ದು ಹಿಂಸೆ ಕೊಟ್ಟರು, 15 ಜನ ಸತ್ತರು. ಹಾಗೆ ಎಳೆದೊಯ್ದವರಲ್ಲಿ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಕೂಡ ಇದ್ದರು. ನರ್ಸಿಂಗ್ ಓದಿದವರಿಗೆಲ್ಲ ಕ್ವಾಷಿಯೋರ್ಕರ್ ನೆನಪಿದೆಯಲ್ಲ, ಪ್ರೋಟೀನ್ ಸಾಲದೆ ಮಕ್ಕಳ ಕಾಲು, ಹೊಟ್ಟೆ ಊದಿಕೊಳ್ಳುವ ರೋಗ, ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ಆಫ್ರಿಕಾದಲ್ಲಿ ಕೆಲಸ ಮಾಡಿ ಆ ರೋಗವನ್ನು ಆ ಹೆಸರಿನಿಂದ ವೈದ್ಯಲೋಕಕ್ಕೆ ತಿಳಿಸಿದವರು ಅವರೇ. ಮಕ್ಕಳ ಹಸಿವಿನ ಬಗ್ಗೆ ಜಗತ್ತಿಗೆ ಹೇಳಿದ ಡಾಕ್ಟರ್ ತಾನೇ ಹಸಿವಿನ ಸೆರೆಯಲ್ಲಿದ್ದರು.

ಈಥೆಲ್ ಅವರ ಮನಸ್ಸೂ ಸದಾ ಗಟ್ಟಿಯಾಗಿ ಇರಲಿಲ್ಲ. ಮೊದಲಿನಿಂದ ಅವರಿಗೆ ಮಾನಸಿಕ ಕಾಯಿಲೆ ಇತ್ತು, ಶಿಬಿರದಲ್ಲಿ ಅದು ಉಲ್ಬಣಿಸಿತು, ಒಂಟಿ ಕೋಣೆಯಲ್ಲೂ ಇರಬೇಕಾಯಿತು. ಇತರರಿಗೆ ಸಮಾಧಾನದ ದಾರಿ ಹುಡುಕಿಕೊಟ್ಟವರಿಗೇ ಅದು ಪೂರ್ತಿ ಸಿಗಲಿಲ್ಲ. ಅದಕ್ಕೇ ನಿದ್ದೆ ಬರದ ನನ್ನ ಗೆಳತಿಗೆ ಹೇಳುವುದು: ಸೂಜಿ ದಾರ ಹಿಡಿ, ಖಂಡಿತ ಹಿಡಿ. ಜೊತೆಗೆ ಡಾಕ್ಟರ್ ಹತ್ತಿರವೂ ಹೋಗು. ಒಂದನ್ನು ಮಾಡಿದರೆ ಇನ್ನೊಂದು ಬೇಡ ಅಂತಲ್ಲ.

ಆದರೂ ಈಥೆಲ್ ಸೋತು ಕೂರಲಿಲ್ಲ. ಹಸಿವು ಜಾಸ್ತಿಯಾದಾಗ ಹೆಂಗಸರನ್ನು ಸುತ್ತ ಕೂರಿಸಿ, ತಮ್ಮ ತಮ್ಮ ಮನೆಯ ಅಡುಗೆಗಳನ್ನು ಹೇಳಿಸಿ ಬರೆದುಕೊಂಡರು. ಇಲ್ಲದ ಬೆಣ್ಣೆ, ಇಲ್ಲದ ಸಕ್ಕರೆಯ ಲೆಕ್ಕದಲ್ಲಿ ಕೇಕು, ಕಡುಬು! ಬಿಡುಗಡೆಯಾಗಿ ಕೆನಡಾಕ್ಕೆ ಹೋದ ಮೇಲೆ 1946ರಲ್ಲಿ ಅದನ್ನು ಪುಸ್ತಕ ಮಾಡಿ ಮಾರಿ, ಬಂದ ಹಣವನ್ನು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇನ್ನೂ ಇದ್ದ ಮಾಜಿ ಯುದ್ಧಕೈದಿಗಳಿಗೆ ಕೊಟ್ಟರು. ಮುಂದೆ 1952ರಲ್ಲಿ ಟ್ರೆಷರ್ ವ್ಯಾನ್ ಅಂತ ಶುರು ಮಾಡಿ, ಭಾರತವೂ ಸೇರಿದಂತೆ ಬೇರೆ ಬೇರೆ ದೇಶಗಳ ಕರಕುಶಲ ವಸ್ತುಗಳನ್ನು ಕೆನಡಾದ ಯೂನಿವರ್ಸಿಟಿಗಳಿಗೆ ಒಯ್ದು ಮಾರಿಸಿದರು. ಸೂಜಿಯ ಋಣ ಅವರು ಮರೆಯಲಿಲ್ಲ.

ಮೂರು ಕೌದಿಗಳೂ ಯುದ್ಧ ದಾಟಿ ಉಳಿದವು. ಬ್ರಿಟಿಷ್ ಕೌದಿ ಲಂಡನ್ನಿನ ರೆಡ್ ಕ್ರಾಸ್ ಬಳಿ ಇದೆ. ಆಸ್ಟ್ರೇಲಿಯನ್ ಮತ್ತು ಜಪಾನೀ ಕೌದಿಗಳು ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ. ಹೆಸರುಗಳು ಇದ್ದದ್ದರಿಂದ, ಎಷ್ಟೋ ದಶಕಗಳ ಮೇಲೆ ಮಕ್ಕಳು ಮೊಮ್ಮಕ್ಕಳು ಬಂದು "ಇದು ನಮ್ಮ ಅಜ್ಜಿಯ ಚೌಕ" ಅಂತ ಬೆರಳು ತೋರಿಸಲು ಸಾಧ್ಯವಾಯಿತು.

ಇಲ್ಲಿ ನನಗೆ ನಮ್ಮ ಕಡೆಯ ಕೌದಿ ನೆನಪಾಗದೆ ಇರುವುದಿಲ್ಲ. ನಾವು ಗದಗ-ಬೆಟಗೇರಿಯವರು. ಮಗ್ಗದ ಸದ್ದು ಕೇಳುತ್ತಾ ಬೆಳೆದವರು. ನಮ್ಮಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದೇ ಅಜ್ಜಿಯ ಹಳೇ ಸೀರೆಯ ಕೌದಿ ಮೇಲೆ. ಹರಿದ ಸೀರೆ, ಅಜ್ಜನ ಧೋತರ, ಅಂಗಿಯ ತುಂಡು, ಎಲ್ಲ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಗೆ ಒಳಗೆ ಓಡುಹೊಲಿಗೆ. ಮಧ್ಯಾಹ್ನ ಊಟದ ಮೇಲೆ ಕಟ್ಟೆಯ ಮೇಲೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೂತರೆ, ಯಾವ ಮನೆಯ ಕಷ್ಟವೂ ಆ ಕೌದಿಯ ಹೊರಗೆ ಉಳಿಯುತ್ತಿರಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳಿಗೆ ಮೂಲೆ ಮೂಲೆಯಲ್ಲಿ ಮಡಿಸಿದ ಬಟ್ಟೆಯ ಹೂ ಇರಬೇಕು, ಫೂಲಾ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಮಾತು.

ಕೌದಿ ಅಂದ್ರೆ ಬಡವರ ಹಾಸಿಗೆ ಅಂತ ನಾವೇ ಅಟ್ಟದ ಮೇಲೆ ಹಾಕಿ, ಅಂಗಡಿಯ ಬ್ಲಾಂಕೆಟ್ ತಂದೆವು. ಅಪ್ಪ ಹೋದ ಮೇಲೆ ಅವ್ವ ಮೊದಲ ಸಲ ಪೆಟ್ಟಿಗೆ ತೆಗೆದು ಕೌದಿ ಹೊಲಿಯಲು ಕೂತಾಗ, "ಈಗ ಯಾಕ ಕಣ್ಣ ಕೆಡಿಸ್ಕೋತಿ, ಹೊಸಾದು ತರೋಣಲ್ಲ" ಅಂದವರು ನಮ್ಮ ಬಳಗದಲ್ಲೇ ಇದ್ದರು. ಅವ್ವ ಏನೂ ಹೇಳಲಿಲ್ಲ, ಹೊಲಿಯುವುದನ್ನೂ ಬಿಡಲಿಲ್ಲ. ಅಪ್ಪನ ಎರಡು ಅಂಗಿ ಆ ಕೌದಿಯಲ್ಲಿವೆ.

ನಮ್ಮ ಕೌದಿಗಳಿಗೂ ಚಾಂಗಿಯ ಕೌದಿಗಳಿಗೂ ಒಂದೇ ವ್ಯತ್ಯಾಸ. ಅಲ್ಲಿ ಹೆಸರಿದೆ, ನಮ್ಮಲ್ಲಿ ಇಲ್ಲ. ನನ್ನ ಮುತ್ತಜ್ಜಿ ಹೊಲಿದದ್ದು ಅಂತ ಒಂದು ಕೌದಿ ಮನೆಯಲ್ಲಿದೆ. ಅದು ಯಾವ ಮುತ್ತಜ್ಜಿ, ಅಪ್ಪನ ಕಡೆಯವರೋ ಅವ್ವನ ಕಡೆಯವರೋ ಅಂತ ಮನೆಯಲ್ಲಿ ಇಬ್ಬರು ಎರಡು ರೀತಿ ಹೇಳುತ್ತಾರೆ. ಇನ್ನು ಇಪ್ಪತ್ತು ವರ್ಷ ಕಳೆದರೆ ಹಾಗೆ ಜಗಳ ಆಡುವವರೂ ಇರುವುದಿಲ್ಲ.

ಹಾಗಾಗಿ ಎಲ್ಲರಿಗೂ ಒಂದು ಕೆಲಸ. ಈ ವಾರ ಮನೆಯ ಅಟ್ಟ, ಟ್ರಂಕು, ಕಪಾಟು ತೆಗೆದು ನೋಡಿ. ಕೌದಿ ಇದ್ದರೆ ಬಿಸಿಲಿಗೆ ಹಾಕಿ. ಮನೆಯಲ್ಲಿ ಹಿರಿಯರಿದ್ದರೆ ಕೂರಿಸಿಕೊಂಡು ಕೇಳಿ: ಯಾರು ಹೊಲಿದದ್ದು, ಯಾರ ಸೀರೆ ಇದು, ಯಾವ ವರ್ಷ, ಯಾರ ಬಾಣಂತನಕ್ಕೆ? ಆಮೇಲೆ ಒಂದು ಮೂಲೆಯಲ್ಲಿ ಆ ಹೆಸರನ್ನು ದಾರದಿಂದ ಹೊಲಿಯಿರಿ. ಹೊಲಿಗೆ ಬರದಿದ್ದರೆ ಕಲಿಯಿರಿ, ಗಂಡಸರೂ ಕಲಿಯಿರಿ, ಮೇಜರ್ ಸಾಹೇಬರೇ ಕಲಿತಿದ್ದಾರೆ. ಅಕ್ಷರ ಓರೆಕೋರೆ ಆದರೂ ಪರವಾಗಿಲ್ಲ. ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕಿ, ಹೆಸರಿನ ಸಮೇತ.

ಕಾಕು, ನೀವು ನನ್ನನ್ನು ನೋಡಿ ನಕ್ಕಿದ್ದಕ್ಕೆ ಶಿಕ್ಷೆ ಏನಂದ್ರೆ, ಮೊದಲ ಫೋಟೋ ನಿಮ್ಮದೇ ಇರಬೇಕು.

ಮುಂದಿನ ಭಾಗದಲ್ಲಿ, ಸಿಂಗಾಪುರ ಬೀಳುವ ಮೂರು ದಿನ ಮೊದಲು ವೈನರ್ ಬ್ರೂಕ್ ಅನ್ನುವ ಹಡಗು ಹತ್ತಿದ 65 ಆಸ್ಟ್ರೇಲಿಯನ್ ನರ್ಸ್‌ಗಳ ಬಗ್ಗೆ ಬರೆಯುತ್ತೇನೆ. ಅವರಲ್ಲಿ ಮನೆಗೆ ಮರಳಿದವರು 24 ಜನ ಮಾತ್ರ. ನಾಳೆಯಿಂದ ನಾಲ್ಕು ದಿನ ನೈಟ್ ಡ್ಯೂಟಿ ಇದೆ, ಸ್ವಲ್ಪ ತಡ ಆಗಬಹುದು. ಅಲ್ಲಿಯವರೆಗೆ ಎಲ್ಲರೂ ಹುಷಾರಾಗಿರಿ.